ಮೊದಲು ಸಿಸೇರಿಯನ್ ಆಗಿದ್ದರೆ, ಈ ಸಲ ನೋವು ಬರಿಸಬಹುದಾ?

ದಿನ ತುಂಬಿದೆ, ನೋವು ಮಾತ್ರ ಬಂದಿಲ್ಲ. ಮೊದಲನೇ ಮಗು ಸಿಸೇರಿಯನ್ ಆಗಿ ಹುಟ್ಟಿದ್ದು. ಈ ಸಲವಾದರೂ ನಾರ್ಮಲ್ ಆಗಲಿ ಅಂತ ಆಸೆ. ತಾನಾಗಿಯೇ ನೋವು ಬಂದಿದ್ದರೆ ಇಷ್ಟು ಯೋಚನೆ ಇರುತ್ತಿರಲಿಲ್ಲ. ಆದರೆ ಬಿಪಿ ಏರುತ್ತಿದೆ. ಅಥವಾ 41 ವಾರ ದಾಟಿದೆ. ಅಥವಾ ನೀರು ಹೋಗಿ ಅರ್ಧ ದಿನವಾದರೂ ನೋವು ಶುರುವಾಗಿಲ್ಲ. ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಇನ್ನು ಕೆಲವರಿಗೆ ಮಗುವಿನ ಬೆಳವಣಿಗೆ ನಿಂತಂತಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಿರುತ್ತದೆ. ಇನ್ನು ಕಾಯುವುದು ಬೇಡ ಎನ್ನುತ್ತಾರೆ ಡಾಕ್ಟರು.

ಹಿಂದೆ ಆಪರೇಷನ್ ಆಗಿರದಿದ್ದರೆ ಇಲ್ಲಿ ಮಾತು ಸುಲಭ. ಔಷಧಿ ಕೊಟ್ಟು ನೋವು ಬರಿಸುತ್ತಾರೆ, ಅಷ್ಟೇ. ಗರ್ಭಕೋಶದ ಮೇಲೆ ಹಳೆಯ ಹೊಲಿಗೆ ಇದ್ದಾಗ ಮಾತ್ರ ಉತ್ತರ ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುತ್ತದೆ. ಒಂದು ಕಡೆ ‘ಸಾಧ್ಯವೇ ಇಲ್ಲ, ಆಪರೇಷನ್ನೇ’ ಎನ್ನುತ್ತಾರೆ. ಇನ್ನೊಂದು ಕಡೆ ‘ನೋಡೋಣ, ಬರಿಸೋಣ’ ಎನ್ನುತ್ತಾರೆ. ಕೇಳುವವರಿಗೆ ಯಾರನ್ನು ನಂಬಬೇಕು ಅಂತಲೇ ತಿಳಿಯುವುದಿಲ್ಲ.

ಇಬ್ಬರ ಮಾತಿಗೂ ಆಧಾರ ಇದೆ. ‘ನೋವು ಬರಿಸುವುದು’ ಎಂಬ ಒಂದೇ ಮಾತಿನೊಳಗೆ ಮೂರ್ನಾಲ್ಕು ಬೇರೆ ಬೇರೆ ವಿಧಾನಗಳು ಅಡಗಿವೆ. ಅವುಗಳ ಅಪಾಯ ಒಂದೇ ಮಟ್ಟದ್ದಲ್ಲ. ಹೊಲಿಗೆ ಎಲ್ಲಿದೆ, ಗರ್ಭಕೋಶದ ಬಾಯಿ ಎಷ್ಟು ಮೆತ್ತಗಾಗಿದೆ, ಯಾವ ವಿಧಾನ ಬಳಸುತ್ತಾರೆ, ತುರ್ತು ಬಂದರೆ ಆಸ್ಪತ್ರೆ ಎಷ್ಟು ಬೇಗ ಕೈಹಾಕಬಲ್ಲದು, ಇವೆಲ್ಲ ಗೊತ್ತಿಲ್ಲದೆ ‘ಬರಿಸಬಹುದಾ’ ಎಂದು ಕೇಳಿದರೆ ಸರಿಯಾದ ಉತ್ತರ ಯಾರಿಂದಲೂ ಸಿಗುವುದಿಲ್ಲ.

ಹೊಟ್ಟೆಯ ಮೇಲಿನ ಗುರುತು ಏನನ್ನೂ ಹೇಳುವುದಿಲ್ಲ

ಭಯದ ಮೂಲ ಒಂದೇ. ನೋವು ಬಂದಾಗ ಗರ್ಭಕೋಶದ ಸ್ನಾಯು ಮತ್ತೆ ಮತ್ತೆ ಬಿಗಿದು ಮಗುವನ್ನು ಕೆಳಗೆ ತಳ್ಳುತ್ತದೆ. ಹಿಂದೆ ಕೊಯ್ದು ಹೊಲಿದ ಜಾಗ ಮಾಗಿರುತ್ತದೆ ನಿಜ. ಆದರೆ ಅಲ್ಲಿ ಸ್ನಾಯುವಿನ ಜೊತೆಗೆ ನಾರಿನಂಥ ಅಂಗಾಂಶವೂ ಸೇರಿಕೊಂಡಿರುತ್ತದೆ. ಉಳಿದ ಗೋಡೆಯಷ್ಟು ಗಟ್ಟಿ ಅದು ಇರಲಿಕ್ಕಿಲ್ಲ. ಒತ್ತಡ ತಡೆಯಲಾಗದೆ ಆ ಜಾಗ ಪೂರ್ತಿ ಹರಿದರೆ ತಾಯಿಗೆ ಒಳಗೊಳಗೇ ರಕ್ತಸ್ರಾವವಾಗುತ್ತದೆ, ಮಗುವಿಗೆ ಆಮ್ಲಜನಕ ಕಡಿಮೆಯಾಗುತ್ತದೆ. ಕೆಲವೊಮ್ಮೆ ಸ್ನಾಯು ಮಾತ್ರ ಬಿಟ್ಟುಕೊಂಡು ಹೊರಪೊರೆ ಹಾಗೇ ಇರುತ್ತದೆ. ಅದು ಬಹುಪಾಲು ತೊಂದರೆ ಕೊಡುವುದಿಲ್ಲ, ಆಪರೇಷನ್ ಮಾಡುವಾಗಷ್ಟೇ ಕಣ್ಣಿಗೆ ಬೀಳುತ್ತದೆ. ಮುಂದೆ ಹೇಳುವ ಅಂಕಿಗಳು ಪೂರ್ತಿ ಹರಿಯುವುದಕ್ಕೆ ಸಂಬಂಧಿಸಿದವು.

ಎಲ್ಲ ಹೊಲಿಗೆಯೂ ಒಂದೇ ಥರ ಅಲ್ಲ. ನ್ಯೂಯಾರ್ಕಿನ ಡಾಕ್ಟರ್ ಎಡ್ವಿನ್ ಕ್ರೇಗಿನ್ 1916ರಲ್ಲಿ ‘ಒಮ್ಮೆ ಸಿಸೇರಿಯನ್ ಆದರೆ ಯಾವಾಗಲೂ ಸಿಸೇರಿಯನ್ನೇ’ ಎಂದು ಬರೆದರು. ಈ ಮಾತು ಇವತ್ತಿಗೂ ಜನರ ಬಾಯಲ್ಲಿದೆ. ಅವರು ಹೇಳಹೊರಟಿದ್ದು ‘ಮೊದಲನೇ ಸಿಸೇರಿಯನ್ ಮಾಡುವ ಮುಂಚೆ ಚೆನ್ನಾಗಿ ಯೋಚಿಸಿ’ ಅಂತ. ಅದನ್ನು ಮಾತ್ರ ಎಲ್ಲರೂ ಮರೆತರು. ಆ ಕಾಲದಲ್ಲಿ ಗರ್ಭಕೋಶವನ್ನು ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ಯುತ್ತಿದ್ದರು. ನೋವು ಬಂದಾಗ ಅತಿ ಜೋರಾಗಿ ಬಿಗಿಯುವುದೇ ಆ ಭಾಗ. ಹಾಗಾಗಿ ಅಲ್ಲಿನ ಹೊಲಿಗೆಯ ಮೇಲೆ ಬೀಳುವ ಎಳೆತವೂ ಜಾಸ್ತಿ.

1920ರ ದಶಕದಲ್ಲಿ ಗ್ಲಾಸ್ಗೋದ ಮುನ್ರೋ ಕೆರ್ ಎಂಬ ಡಾಕ್ಟರು ಕೆಳಭಾಗದಲ್ಲಿ ಅಡ್ಡಕ್ಕೆ ಕೊಯ್ಯುವ ಪದ್ಧತಿಯನ್ನು ಬಳಕೆಗೆ ತಂದರು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಗರ್ಭಕೋಶದ ಕೆಳಭಾಗ ತೆಳುವಾಗಿ ಹಿಗ್ಗುತ್ತದೆ. ಮೇಲ್ಭಾಗದಷ್ಟು ಅದು ಬಿಗಿಯುವುದಿಲ್ಲ. ಅಲ್ಲಿ ಹಾಕಿದ ಹೊಲಿಗೆ ಮುಂದಿನ ಹೆರಿಗೆಯ ನೋವನ್ನು ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತದೆ. ಇವತ್ತಿನ ಬಹುಪಾಲು ಸಿಸೇರಿಯನ್‌ಗಳು ಈ ಬಗೆಯವೇ. ನೋವು ಬಂದಾಗ ಇಂಥ ಹೊಲಿಗೆ ಹರಿಯುವ ಸಾಧ್ಯತೆ ಸುಮಾರು 200ರಲ್ಲಿ 1. ಮೇಲ್ಭಾಗದ ಉದ್ದ ಹೊಲಿಗೆಗೆ ಅದೇ ಅಂದಾಜು ನೂರಕ್ಕೆ 2ರಿಂದ 9ರವರೆಗೂ ಹೋಗುತ್ತದೆ. ಆದ್ದರಿಂದ ಉದ್ದ ಹೊಲಿಗೆ ಇರುವವರಿಗೆ, ಹಿಂದೆ ಒಮ್ಮೆ ಗರ್ಭಕೋಶ ಹರಿದಿರುವವರಿಗೆ ನೋವು ಬರಿಸುವ ಪ್ರಶ್ನೆಯೇ ಇಲ್ಲ. ಅವರಿಗೆ ಆಪರೇಷನ್ನೇ ಸರಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಹೊಟ್ಟೆಯ ಚರ್ಮದ ಮೇಲೆ ಅಡ್ಡ ಗೆರೆ ಇದೆ, ಹಾಗಾಗಿ ಒಳಗೂ ಅಡ್ಡವೇ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಚರ್ಮವನ್ನು ಅಡ್ಡಕ್ಕೆ ಕೊಯ್ದು ಗರ್ಭಕೋಶವನ್ನು ಉದ್ದಕ್ಕೆ ಕೊಯ್ದಿರಬಹುದು, ಅದರ ಉಲ್ಟಾ ಕೂಡ ಇರಬಹುದು. ಒಳಗಿನ ಗೆರೆ ಯಾವುದು ಅಂತ ಖಚಿತವಾಗಿ ಹೇಳುವುದು ಆಪರೇಷನ್ ಮಾಡಿದ ಡಾಕ್ಟರು ಬರೆದಿಟ್ಟ ಟಿಪ್ಪಣಿ ಮಾತ್ರ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆ ಒಂದು ಸಾಲು ಕೆಲವೊಮ್ಮೆ ಇರುತ್ತದೆ, ಕೆಲವೊಮ್ಮೆ ಇರುವುದಿಲ್ಲ. ಇಲ್ಲದಿದ್ದರೆ ಮೊದಲು ಹೆರಿಗೆಯಾದ ಆಸ್ಪತ್ರೆಗೆ ಹೋಗಿ ಆಪರೇಷನ್ ನೋಟ್ಸ್ ಕೇಳಿ ತೆಗೆದುಕೊಳ್ಳಿ. ಇದನ್ನು ಐದಾರು ತಿಂಗಳು ಇರುವಾಗಲೇ ಮಾಡಬೇಕು. ದಿನ ತುಂಬಿದ ಮೇಲೆ ಆ ಕಾಗದಕ್ಕೆ ಓಡಾಡುವುದು ಯಾರಿಗೂ ಆಗದ ಕೆಲಸ.

ಕಾಗದ ಸಿಗಲೇ ಇಲ್ಲ ಅಂದರೆ? ಆಗ ಡಾಕ್ಟರು ಮೊದಲ ಸಿಸೇರಿಯನ್ ಯಾಕೆ ಆಯಿತು ಅಂತ ಕೇಳುತ್ತಾರೆ. ದಿನ ತುಂಬಿ, ನೋವು ಬಂದು, ಮಗು ಇಳಿಯದೆ ಆದದ್ದು ಅಂದರೆ ಹೊಲಿಗೆ ಕೆಳಗೆ ಅಡ್ಡಕ್ಕೇ ಇರುವ ಸಾಧ್ಯತೆ ಜಾಸ್ತಿ. ತೀರಾ ತಿಂಗಳು ತುಂಬದೆ ಹುಟ್ಟಿದ ಮಗು ಅಥವಾ ಹೊಟ್ಟೆಯಲ್ಲಿ ಅಡ್ಡ ಮಲಗಿದ್ದ ಮಗು ಅಂದರೆ ಉದ್ದಕ್ಕೆ ಕೊಯ್ದಿದ್ದಾರೇನೋ ಅಂತ ಅನುಮಾನಪಡಬೇಕಾಗುತ್ತದೆ.

ಅಂಕಿ ಹೇಳುವುದೇನು, ಬಿಡುವುದೇನು

ಈ ವಿಷಯದಲ್ಲಿ ಎಲ್ಲರೂ ಉದಾಹರಿಸುವ ಒಂದು ದೊಡ್ಡ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅಮೆರಿಕದ 19 ಬೋಧನಾ ಆಸ್ಪತ್ರೆಗಳಲ್ಲಿ, ಮೊದಲು ಸಿಸೇರಿಯನ್ ಆಗಿ ಈ ಸಲ ನಾರ್ಮಲ್‌ಗೆ ಪ್ರಯತ್ನಿಸಿದ 17,898 ಹೆಂಗಸರ ಹೆರಿಗೆಯನ್ನು ಅದರಲ್ಲಿ ಗಮನಿಸಿದ್ದರು. ನೂರಕ್ಕೆ ಸುಮಾರು 73 ಜನರಿಗೆ ನಾರ್ಮಲ್ ಹೆರಿಗೆಯೇ ಆಯಿತು. ಗರ್ಭಕೋಶ ಹರಿದದ್ದು ಒಟ್ಟು 124 ಜನರಲ್ಲಿ, ಅಂದರೆ ಸಾವಿರಕ್ಕೆ 7.

ಇದನ್ನು ಬಿಡಿಸಿ ನೋಡಿದಾಗ ನಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ತಾನಾಗಿ ನೋವು ಬಂದವರಲ್ಲಿ ಸಾವಿರಕ್ಕೆ 4 ಜನರಿಗೆ ಗರ್ಭಕೋಶ ಹರಿಯಿತು. ನೋವು ಬರಿಸಿದವರಲ್ಲಿ ಸಾವಿರಕ್ಕೆ 10. ‘ಎರಡೂವರೆ ಪಟ್ಟು ಅಪಾಯ’ ಎಂದು ಇದನ್ನು ಹೇಳಬಹುದು. ‘ಸಾವಿರದಲ್ಲಿ 6 ಜನ ಹೆಚ್ಚು’ ಎಂದೂ ಹೇಳಬಹುದು. ‘ಸಾವಿರದಲ್ಲಿ 990 ಜನರಿಗೆ ಏನೂ ಆಗಲಿಲ್ಲ’ ಎಂದೂ ಹೇಳಬಹುದು. ಮೂರೂ ನಿಜ. ಆದರೆ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡವರು ಹೆದರಿ ಓಡುತ್ತಾರೆ, ಕೊನೆಯದನ್ನು ಮಾತ್ರ ಕೇಳಿಸಿಕೊಂಡವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಡಾಕ್ಟರ ಮುಂದೆ ಕೂತಾಗ ‘ಪಟ್ಟು’ ಲೆಕ್ಕ ಬೇಡ, ‘ಸಾವಿರಕ್ಕೆ ಎಷ್ಟು’ ಅಂತ ಹೇಳಿ ಎಂದು ಕೇಳುವುದು ಒಳ್ಳೆಯದು.

ಗರ್ಭಕೋಶ ಹರಿದರೆ ಪ್ರತಿ ಸಲವೂ ಮಗುವನ್ನು ಕಳೆದುಕೊಳ್ಳುತ್ತೇವೆ ಅಂತಲ್ಲ. ತಕ್ಷಣ ಆಪರೇಷನ್ ಆದರೆ ಬಹಳಷ್ಟು ಮಕ್ಕಳು ಉಳಿಯುತ್ತವೆ. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2015ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಸಿಸೇರಿಯನ್ ನಂತರ ನಾರ್ಮಲ್‌ಗೆ ಪ್ರಯತ್ನಿಸುವಾಗ ಹೆರಿಗೆಯ ಕಾರಣಕ್ಕೇ ಮಗು ತೀರಿಕೊಳ್ಳುವುದು ಹತ್ತು ಸಾವಿರಕ್ಕೆ ಸುಮಾರು 4. ಇದು ಮೊದಲ ಸಲ ಹೆರುವ ಯಾವುದೇ ಹೆಂಗಸಿನ ಹೆರಿಗೆಯಷ್ಟೇ. ದಿನ ಗೊತ್ತುಮಾಡಿ ಮತ್ತೆ ಸಿಸೇರಿಯನ್ ಮಾಡಿದರೆ ಹತ್ತು ಸಾವಿರಕ್ಕೆ 1. ವ್ಯತ್ಯಾಸ ಚಿಕ್ಕದು. ಆದರೆ ಆ ಒಂದು ಮನೆಯವರ ಪಾಲಿಗೆ ಅದು ಚಿಕ್ಕದಲ್ಲ. ಆದ್ದರಿಂದಲೇ ಈ ಅಂಕಿಯನ್ನು ಮುಚ್ಚಿಡಬಾರದು.

ಇನ್ನೊಂದು ಸೂಕ್ಷ್ಮ ಇದೆ. ‘ತಾನಾಗಿ ನೋವು ಬಂದವರು’ ಮತ್ತು ‘ನೋವು ಬರಿಸಿದವರು’ ಎಂದು ಹೋಲಿಸುವುದು ನ್ಯಾಯವಾದ ಹೋಲಿಕೆ ಅಲ್ಲ. ಯಾಕೆ ಗೊತ್ತಾ? ತಾನಾಗಿ ನೋವು ಬರಲಿ ಅಂತ ಯಾರೂ ಆರಿಸಿಕೊಳ್ಳಲಾಗುವುದಿಲ್ಲ. ಕೈಯಲ್ಲಿರುವುದು ಎರಡೇ: ಇವತ್ತು ಬರಿಸುವುದು, ಇಲ್ಲವೇ ಇನ್ನೂ ಕಾಯುವುದು. ಕಾದವರಲ್ಲಿ ಕೆಲವರಿಗೆ ನೋವು ಬರುತ್ತದೆ. ಕೆಲವರಿಗೆ ಬಿಪಿ ಏರಿ ತುರ್ತು ಆಪರೇಷನ್ ಆಗುತ್ತದೆ, ಕೆಲವರಿಗೆ ವಾರ ಕಳೆದು ಕೊನೆಗೆ ಬರಿಸಲೇಬೇಕಾಗುತ್ತದೆ. ಹೀಗೆ ಕಾದವರನ್ನೆಲ್ಲ ಸೇರಿಸಿ ಹೋಲಿಸಿದಾಗ, ನೋವು ಬರಿಸುವುದರ ಚಿತ್ರ ಮೊದಲಿನಷ್ಟು ಕೆಟ್ಟದಾಗಿ ಕಾಣುವುದಿಲ್ಲ. ಆದರೂ ಸುಮ್ನೆ, ಕಾರಣವಿಲ್ಲದೆ, ಬೇಗ ಮುಗಿಯಲಿ ಅಂತ ನೋವು ಬರಿಸಿಕೊಳ್ಳುವುದಕ್ಕೆ ಇದು ಪರವಾನಗಿ ಅಲ್ಲ. ತಾಯಿಗೋ ಮಗುವಿಗೋ ಕಾಯುವುದರಿಂದ ತೊಂದರೆ ಇದೆ ಎಂದಾಗ ಮಾತ್ರ ಈ ಸಾವಿರಕ್ಕೆ ಆರರ ಲೆಕ್ಕಕ್ಕೆ ಅರ್ಥ ಬರುತ್ತದೆ.

ಅಪಾಯ ಎಲ್ಲರಿಗೂ ಸಮವಾಗಿ ಹಂಚಿಕೊಂಡಿಲ್ಲ ಎಂಬುದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅದೇ ಆಸ್ಪತ್ರೆಗಳ ಮಾಹಿತಿಯನ್ನು 2007ರಲ್ಲಿ ಮತ್ತೆ ವಿಂಗಡಿಸಿ ನೋಡಿದರು. ಹಿಂದೆ ಒಮ್ಮೆಯಾದರೂ ನಾರ್ಮಲ್ ಹೆರಿಗೆ ಆಗಿದ್ದವರಲ್ಲಿ, ನೋವು ಬರಿಸಿದರೂ ತಾನಾಗಿ ಬಂದರೂ ಹರಿಯುವ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಒಮ್ಮೆಯೂ ನಾರ್ಮಲ್ ಆಗಿಲ್ಲದವರಲ್ಲಿ ಮಾತ್ರ ಸಾವಿರಕ್ಕೆ 8 ಇದ್ದದ್ದು 15 ಆಯಿತು. ಅಂದರೆ ಮೊದಲ ಮಗು ನಾರ್ಮಲ್, ಎರಡನೆಯದು ಸಿಸೇರಿಯನ್, ಈಗ ಮೂರನೆಯದು ಎನ್ನುವವರ ಸ್ಥಿತಿಯೇ ಬೇರೆ. ಒಂದೇ ಹೆರಿಗೆಯಾಗಿ ಅದೂ ಸಿಸೇರಿಯನ್ ಆಗಿದ್ದವರ ಸ್ಥಿತಿಯೇ ಬೇರೆ. ಇಬ್ಬರಿಗೂ ಒಂದೇ ಉತ್ತರ ಕೊಡುವ ಡಾಕ್ಟರು ಅರ್ಧ ಮಾತ್ರ ಯೋಚಿಸಿದ್ದಾರೆ ಅಂತಲೇ ನಾನು ಹೇಳುತ್ತೇನೆ.

ಬಾಯಿ ಎಷ್ಟು ಪಕ್ವವಾಗಿದೆ?

ನೋವು ಬರಿಸುವ ಮುಂಚೆ ಡಾಕ್ಟರು ಒಳಗೆ ಕೈ ಇಟ್ಟು ಪರೀಕ್ಷೆ ಮಾಡುತ್ತಾರಲ್ಲ, ಅವರು ನೋಡುವುದು ಐದು ವಿಷಯ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಮುಟ್ಟಿದರೆ ಗಟ್ಟಿಯೋ ಮೆತ್ತಗೋ, ಹಿಂದಕ್ಕೆ ತಿರುಗಿದೆಯೋ ಮುಂದಕ್ಕೆ ಬಂದಿದೆಯೋ, ಮಗುವಿನ ತಲೆ ಎಷ್ಟು ಇಳಿದಿದೆ. ಪಕ್ವವಾಗದ ಬಾಯಿ ಮೂಗಿನ ತುದಿ ಮುಟ್ಟಿದ ಹಾಗೆ ಗಟ್ಟಿ ಇರುತ್ತದೆ, ಪಕ್ವವಾದದ್ದು ತುಟಿಯ ಹಾಗೆ ಮೆತ್ತಗಿರುತ್ತದೆ. ಈ ಐದಕ್ಕೂ ಅಂಕ ಕೊಟ್ಟು ಕೂಡಿಸುವ ಪದ್ಧತಿಯನ್ನು 1964ರಲ್ಲಿ ಎಡ್ವರ್ಡ್ ಬಿಷಪ್ ಎಂಬ ಡಾಕ್ಟರು ತಂದರು. ಅದಕ್ಕೇ ಬಿಷಪ್ ಸ್ಕೋರ್ ಎನ್ನುತ್ತಾರೆ. ಒಟ್ಟು 13ರಲ್ಲಿ 8ರ ಮೇಲಿದ್ದರೆ ಬಾಯಿ ತಯಾರಾಗಿದೆ ಎಂದರ್ಥ. 6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೊದಲು ಬಾಯಿಯನ್ನು ಮೆತ್ತಗೆ ಮಾಡಬೇಕು, ಆಮೇಲೆ ನೋವು.

ಹೊಲಿಗೆ ಇರುವವರಿಗೆ ಈ ಸ್ಕೋರ್ ಎರಡು ಪಟ್ಟು ಮುಖ್ಯ. ಬಾಯಿ ಗಟ್ಟಿಯಾಗಿದ್ದರೆ ಗರ್ಭಕೋಶ ಗಂಟೆಗಟ್ಟಲೆ ತಳ್ಳುತ್ತಲೇ ಇರಬೇಕಾಗುತ್ತದೆ, ಬಾಗಿಲು ತೆರೆಯುವುದಿಲ್ಲ. ಅಷ್ಟೂ ಹೊತ್ತು ಹಳೆಯ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ. ನಾರ್ಮಲ್ ಆಗುವ ಸಾಧ್ಯತೆಯೂ ಇಳಿಯುತ್ತದೆ. ತಾನಾಗಿ ನೋವು ಬಂದವರಲ್ಲಿ ನೂರಕ್ಕೆ ಸುಮಾರು 80 ಜನರಿಗೆ ನಾರ್ಮಲ್ ಆದರೆ, ಬರಿಸಿದವರಲ್ಲಿ ಸುಮಾರು 67 ಜನರಿಗೆ ಆಗುತ್ತದೆ. ನಿಮ್ಮ ಸ್ಕೋರ್ ಎಷ್ಟಿದೆ ಅಂತ ಡಾಕ್ಟರನ್ನು ನೇರವಾಗಿ ಕೇಳಿ. ಸಂಕೋಚ ಬೇಡ.

ಬಲೂನ್, ಮಾತ್ರೆ, ಡ್ರಿಪ್

ಹೊಲಿಗೆ ಇರುವವರಿಗೆ ಬಾಯಿ ಮೆತ್ತಗೆ ಮಾಡಲು ಈಗ ಜಾಸ್ತಿ ಒಲವು ಇರುವುದು ಬಲೂನಿನ ಮೇಲೆ. ಮೂತ್ರ ಹೋಗಲು ಹಾಕುವ ಫೋಲಿ ಕ್ಯಾತಿಟರನ್ನೇ ಇದಕ್ಕೂ ಬಳಸುತ್ತಾರೆ. ಸಣ್ಣ ರಬ್ಬರ್ ಕೊಳವೆ, ತುದಿಯಲ್ಲಿ ಉಬ್ಬುವ ಪುಟ್ಟ ಬಲೂನು. ಕೊಳವೆಯನ್ನು ಗರ್ಭಕೋಶದ ಬಾಯಿಯೊಳಗೆ ತೂರಿಸಿ, ಬಲೂನು ಒಳಬಾಯಿಯನ್ನು ದಾಟಿದ ಮೇಲೆ ಅದರೊಳಗೆ 30ರಿಂದ 80 ಮಿಲಿಲೀಟರ್ ಶುದ್ಧ ನೀರನ್ನೋ ಸಲೈನನ್ನೋ ತುಂಬುತ್ತಾರೆ. ಕೊಳವೆಯನ್ನು ಸ್ವಲ್ಪ ಎಳೆದು ತೊಡೆಗೆ ಟೇಪ್ ಹಚ್ಚುತ್ತಾರೆ. ಬಲೂನು ಒಳಗಿನಿಂದ ಬಾಯಿಯನ್ನು ಮೆಲ್ಲಗೆ ಒತ್ತುತ್ತಾ ಕೂರುತ್ತದೆ. ಆ ಒತ್ತಡಕ್ಕೆ ದೇಹವೇ ಬಾಯಿ ಮೆತ್ತಗೆ ಮಾಡುವ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಅಲ್ಲಷ್ಟೇ ಬಿಡುಗಡೆ ಮಾಡುತ್ತದೆ, ಬಾಯಿ ಮೆತ್ತಗಾಗಿ ಹಿಗ್ಗುತ್ತದೆ. ಬಾಯಿ ಮೂರ್ನಾಲ್ಕು ಸೆಂಟಿಮೀಟರ್ ಆಗುತ್ತಿದ್ದ ಹಾಗೆ ಬಲೂನು ತಾನೇ ಜಾರಿ ಹೊರಗೆ ಬೀಳುತ್ತದೆ. ಬೀಳದಿದ್ದರೆ 12ರಿಂದ 24 ಗಂಟೆಯೊಳಗೆ ತೆಗೆಯುತ್ತಾರೆ. ಹಾಕುವಾಗ ಹಿಂಸೆ ಅನ್ನಿಸುತ್ತದೆ, ಮುಟ್ಟಿನ ನೋವಿನಂಥ ಸೆಳೆತ ಇರುತ್ತದೆ. ಆದರೆ ಗರ್ಭಕೋಶವನ್ನು ಒಂದೇ ಸಮನೆ ಬಿಗಿಯುವಂತೆ ಅದು ಕೆರಳಿಸುವುದಿಲ್ಲ. ಬೇಡ ಅನ್ನಿಸಿದರೆ ನೀರು ಹೊರತೆಗೆದು ಬಲೂನನ್ನು ಆ ಕ್ಷಣವೇ ಎಳೆದುಬಿಡಬಹುದು. ಹೊಲಿಗೆ ಇರುವವರಿಗೆ ಈ ಗುಣ ಬಹಳ ದೊಡ್ಡದು.

ಪ್ರೋಸ್ಟಗ್ಲಾಂಡಿನ್‌ಗಳನ್ನು ಹೊರಗಿನಿಂದ, ಜೆಲ್ ಅಥವಾ ಮಾತ್ರೆಯ ರೂಪದಲ್ಲಿ ಕೊಟ್ಟಾಗ ಕಥೆ ಬೇರೆ. ಬಾಯಿಯ ಗಟ್ಟಿ ನಾರನ್ನು ಸಡಿಲಿಸುವುದು ಅವುಗಳ ಕೆಲಸ. ಹಳೆಯ ಹೊಲಿಗೆಯಲ್ಲಿರುವುದೂ ಅಂಥದ್ದೇ ನಾರು. ಅದನ್ನೂ ಇವು ಸಡಿಲಿಸಬಹುದು ಎಂಬುದು ಒಂದು ವಿವರಣೆ. 2001ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ 20,095 ಹೆಂಗಸರ ದಾಖಲೆಗಳನ್ನು ನೋಡಿ ಮಾಡಿದ ಅಧ್ಯಯನ ಪ್ರಕಟವಾದಾಗ ಎಲ್ಲರೂ ಬೆಚ್ಚಿದರು. ಗರ್ಭಕೋಶ ಹರಿದದ್ದು ನೋವೇ ಬರದೆ ಮತ್ತೆ ಸಿಸೇರಿಯನ್ ಆದವರಲ್ಲಿ ಸಾವಿರಕ್ಕೆ 1.6, ತಾನಾಗಿ ನೋವು ಬಂದವರಲ್ಲಿ 5.2, ಪ್ರೋಸ್ಟಗ್ಲಾಂಡಿನ್ ಇಲ್ಲದೆ ಬರಿಸಿದವರಲ್ಲಿ 7.7, ಪ್ರೋಸ್ಟಗ್ಲಾಂಡಿನ್ ಕೊಟ್ಟವರಲ್ಲಿ 24.5. ಡಿಸ್ಚಾರ್ಜ್ ಮಾಡುವಾಗ ಆಸ್ಪತ್ರೆಯವರು ದಾಖಲಿಸುವ ಕೋಡ್‌ಗಳನ್ನಷ್ಟೇ ನಂಬಿ ಮಾಡಿದ ಲೆಕ್ಕವಾದ್ದರಿಂದ ಅದರಲ್ಲಿ ಕೊರತೆಗಳಿದ್ದವು. 2004ರ ಅಧ್ಯಯನದಲ್ಲಿ ಪ್ರೋಸ್ಟಗ್ಲಾಂಡಿನ್ ಕೊಟ್ಟವರ ಅಂಕಿ ಸಾವಿರಕ್ಕೆ 14 ಇತ್ತು, ಬಲೂನಿನಂಥ ವಿಧಾನದ್ದು 9. ಹಾಗಿದ್ದರೂ ದಿಕ್ಕು ಒಂದೇ.

ಇವುಗಳಲ್ಲಿ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯ ಬಗ್ಗೆ ಮಾತ್ರ ಗೊಂದಲವೇ ಇಲ್ಲ. ಬೇರೆ ಬಸುರಿಯರಿಗೆ ಅದು ಒಳ್ಳೆಯ ಔಷಧಿ. ಹಳೆಯ ಸಿಸೇರಿಯನ್ ಹೊಲಿಗೆ ಇರುವವರಿಗೆ ದಿನ ತುಂಬಿದಾಗ ನೋವು ಬರಿಸಲು ಅದನ್ನು ಬಳಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ, ಅಮೆರಿಕದ ಪ್ರಸೂತಿ ತಜ್ಞರ ಕಾಲೇಜೂ ಹೇಳಿದೆ. ಒಮ್ಮೆ ನುಂಗಿದ ಮಾತ್ರೆಯನ್ನು ಹಿಂದಕ್ಕೆ ತೆಗೆಯುವ ದಾರಿಯೂ ಇಲ್ಲ, ಅಲ್ವಾ? ಡೈನೋಪ್ರೋಸ್ಟೋನ್ ಎಂಬ ಜೆಲ್ಲಿನ ವಿಷಯದಲ್ಲಿ ನಿಯಮಗಳು ಇಷ್ಟು ಖಡಾಖಂಡಿತ ಅಲ್ಲ. ಕೆಲವು ಕಡೆ ಬಹಳ ಎಚ್ಚರದಿಂದ ಬಳಸುತ್ತಾರೆ. ಜೆಲ್ ಇಟ್ಟು, ಅದರ ಮೇಲೆ ನೋವು ಬರಿಸುವ ಡ್ರಿಪ್ಪನ್ನೂ ಹಾಕುವ ಜೋಡಿ ವಿಧಾನವನ್ನು ಆದಷ್ಟು ದೂರ ಇಡುವುದು ಒಳ್ಳೆಯದು.

ಬಾಯಿ ಮೆತ್ತಗಾದ ಮೇಲೆ ನೀರಿನ ಚೀಲ ಒಡೆಯುತ್ತಾರೆ. ಅಷ್ಟಕ್ಕೇ ಕೆಲವರಿಗೆ ನೋವು ಶುರುವಾಗುತ್ತದೆ. ಆಗದಿದ್ದರೆ ಆಕ್ಸಿಟೋಸಿನ್ ಡ್ರಿಪ್. ಇದು ದೇಹದಲ್ಲೇ ತಯಾರಾಗುವ ಹಾರ್ಮೋನು. 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಎಂಬ ವಿಜ್ಞಾನಿ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು, 1955ರಲ್ಲಿ ನೊಬೆಲ್ ಪಡೆದರು. ಡ್ರಿಪ್ಪನ್ನು ಸಣ್ಣ ಪ್ರಮಾಣದಲ್ಲಿ ಶುರುಮಾಡಿ, ನೋವು ಹೇಗೆ ಬರುತ್ತಿದೆ ನೋಡಿಕೊಂಡು, ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಹತ್ತು ನಿಮಿಷಕ್ಕೆ ಮೂರ್ನಾಲ್ಕು ನೋವು ಸಾಕು. ಐದು ದಾಟಿದರೆ ಅದು ಅತಿ. ಆಗ ಡ್ರಿಪ್ ಇಳಿಸಬೇಕು ಅಥವಾ ನಿಲ್ಲಿಸಬೇಕು. ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿ ಔಷಧಿಯ ಮಟ್ಟ ಇಳಿಯತೊಡಗುತ್ತದೆ. ಹೊಲಿಗೆ ಇರುವವರಿಗೆ ಇದನ್ನೂ ಕೊಡಬಹುದು, ಆದರೆ ಪ್ರಮಾಣ ಏರಿದ ಹಾಗೆ ಅಪಾಯವೂ ಏರುತ್ತದೆ. ಅದಕ್ಕಾಗಿಯೇ ಎಷ್ಟೋ ಕಡೆ ನಿಮಿಷಕ್ಕೆ 20 ಮಿಲಿಯೂನಿಟ್ ದಾಟಬಾರದು ಎಂಬ ಮಿತಿ ಇಟ್ಟುಕೊಂಡಿರುತ್ತಾರೆ.

ಮನೆಯಲ್ಲೇ ಏನಾದರೂ ಕುಡಿದು ನೋವು ಬರಿಸಿಕೊಳ್ಳುವ ಪ್ರಯತ್ನ ಮಾತ್ರ ದಯವಿಟ್ಟು ಬೇಡ. ಹೊಲಿಗೆ ಇರುವ ಗರ್ಭಕೋಶ ಬಿಗಿಯತೊಡಗಿದಾಗ ಪಕ್ಕದಲ್ಲಿ ಮಗುವಿನ ಎದೆಬಡಿತ ನೋಡುವವರು ಇರಲೇಬೇಕು.

ಹೆರಿಗೆ ಕೋಣೆಯಲ್ಲಿ

ಹೊಲಿಗೆ ಬಿಟ್ಟುಕೊಳ್ಳುತ್ತಿದೆ ಅಂತ ಗೊತ್ತಾಗುವುದು ಹೇಗೆ? ಸಿನಿಮಾದಲ್ಲಿ ತೋರಿಸುವ ಹಾಗೆ ತಾಯಿ ಚೀರಿಕೊಳ್ಳಬೇಕಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಮೊದಲು ಬದಲಾಗುವುದು ಮಗುವಿನ ಎದೆಬಡಿತ. ಅದಕ್ಕೇ ಹೊಟ್ಟೆಯ ಮೇಲೆ ಎರಡು ಬೆಲ್ಟ್ ಕಟ್ಟಿ, ಒಂದರಲ್ಲಿ ಎದೆಬಡಿತ, ಇನ್ನೊಂದರಲ್ಲಿ ನೋವಿನ ಏರಿಳಿತ, ಎರಡನ್ನೂ ಬಿಡದೆ ದಾಖಲಿಸುತ್ತಾರೆ. ನೋವು ಬರಿಸಿದ ಮೇಲೆ ಹೊಲಿಗೆ ಇರುವವರಿಗೆ ಆಗೊಮ್ಮೆ ಈಗೊಮ್ಮೆ ಕೇಳಿಸಿಕೊಂಡರೆ ಸಾಲದು, ನಿರಂತರವಾಗಿ ನೋಡಬೇಕು.

ಉಳಿದ ಸೂಚನೆಗಳೂ ಇವೆ. ಎರಡು ನೋವಿನ ನಡುವೆ ಬಿಡುವು ಸಿಗದೆ ಹೊಲಿಗೆಯ ಜಾಗದಲ್ಲಿ ನೋಯುತ್ತಲೇ ಇರುವುದು, ರಕ್ತ ಹೋಗುವುದು, ತಾಯಿಯ ನಾಡಿ ಜೋರಾಗಿ ಬಿಪಿ ಇಳಿಯುವುದು, ಚೆನ್ನಾಗಿ ಬರುತ್ತಿದ್ದ ನೋವು ತಟ್ಟನೆ ನಿಂತುಬಿಡುವುದು, ಇಳಿದಿದ್ದ ಮಗುವಿನ ತಲೆ ಮತ್ತೆ ಮೇಲಕ್ಕೆ ಹೋಗುವುದು. ನೋವು ತಿಳಿಯದಿರಲಿ ಅಂತ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಕೊಟ್ಟರೆ ಈ ಸೂಚನೆಗಳು ಮುಚ್ಚಿಹೋಗುತ್ತವೆ ಎಂಬ ಹೆದರಿಕೆ ಹಿಂದೆ ಇತ್ತು. ಎದೆಬಡಿತವೇ ಮುಖ್ಯ ಸೂಚನೆಯಾದ್ದರಿಂದ ಅದಕ್ಕೆ ಹೆದರಬೇಕಿಲ್ಲ. ಎಪಿಡ್ಯೂರಲ್ ತೆಗೆದುಕೊಳ್ಳಬಹುದು.

ಸೂಚನೆ ಕಂಡ ಮೇಲೆ ಗಡಿಯಾರ ಓಡುತ್ತದೆ. ಹರಿದ ಮೇಲೆ ಸುಮಾರು 18 ನಿಮಿಷದೊಳಗೆ ಮಗುವನ್ನು ಹೊರತೆಗೆದರೆ ಫಲಿತಾಂಶ ಚೆನ್ನಾಗಿರುತ್ತದೆ ಎಂದು ಅಧ್ಯಯನಗಳಲ್ಲಿ ಕಂಡಿದೆ. ಅಷ್ಟರಲ್ಲಿ ಡಾಕ್ಟರು ಬರಬೇಕು, ಅರಿವಳಿಕೆ ತಜ್ಞರು ಬರಬೇಕು, ಥಿಯೇಟರ್ ತಯಾರಿರಬೇಕು, ರಕ್ತ ಸಿಗಬೇಕು. ರಾತ್ರಿ ಎರಡು ಗಂಟೆಗೂ ಇದೆಲ್ಲ ಆಸ್ಪತ್ರೆಯೊಳಗೇ ಇರುತ್ತದಾ? ಅರಿವಳಿಕೆ ತಜ್ಞರನ್ನು ಫೋನ್ ಮಾಡಿ ಮನೆಯಿಂದ ಕರೆಸಬೇಕಾ? ನನ್ನ ಪ್ರಕಾರ ಈ ಇಡೀ ನಿರ್ಧಾರದಲ್ಲಿ ಹೆಚ್ಚು ತೂಕ ಇರುವ ಪ್ರಶ್ನೆ ಇದೇ. ಈ ಸೌಲಭ್ಯ ಇಲ್ಲದ ಕಡೆ ಡಾಕ್ಟರು ‘ನಾನು ಬರಿಸುವುದಿಲ್ಲ’ ಎಂದರೆ ಅದನ್ನು ಹೇಡಿತನ ಅಂದುಕೊಳ್ಳಬೇಡಿ. ಅದು ಪ್ರಾಮಾಣಿಕ ಉತ್ತರ. ಬೇಕಿದ್ದರೆ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ಬರೆದುಕೊಡಿ ಎಂದು ಕೇಳಬಹುದು.

ಯಾರಿಗೆ ಸುಲಭ, ಯಾರಿಗೆ ಕಷ್ಟ

ಹಿಂದೆ ನಾರ್ಮಲ್ ಹೆರಿಗೆ ಆಗಿದ್ದರೆ ಈ ಸಲವೂ ಆಗುವ ಸಾಧ್ಯತೆ ನೂರಕ್ಕೆ 85ರಿಂದ 90. ಮೊದಲ ಸಿಸೇರಿಯನ್ ಮಗು ಉಲ್ಟಾ ಇದ್ದದ್ದಕ್ಕೆ ಆಗಿದ್ದರೆ, ಆ ಕಾರಣ ಈ ಸಲ ಇಲ್ಲದಿದ್ದರೆ, ಅದೂ ಒಳ್ಳೆಯ ಲಕ್ಷಣ. ಬಾಯಿ ಪೂರ್ತಿ ತೆರೆಯದೆ, ಮಗು ಇಳಿಯದೆ ಆಗಿದ್ದರೆ ಸಾಧ್ಯತೆ ಸ್ವಲ್ಪ ಕಡಿಮೆ. ತಾಯಿಯ ತೂಕ, ವಯಸ್ಸು, ಮಗು ನಾಲ್ಕು ಕೆಜಿ ದಾಟಿದೆಯಾ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷಕ್ಕಿಂತ ಕಡಿಮೆ ಅಂತರ ಇದ್ದರೆ ಹೊಲಿಗೆ ಹರಿಯುವ ಅಪಾಯ ಜಾಸ್ತಿ. ಎರಡು ಸಿಸೇರಿಯನ್ ಆಗಿದ್ದವರಿಗೂ ಕೆಲವು ತಜ್ಞ ಆಸ್ಪತ್ರೆಗಳಲ್ಲಿ ಪ್ರಯತ್ನಿಸುತ್ತಾರೆ, ಆದರೆ ಅಲ್ಲಿ ನೋವು ಬರಿಸುವ ನಿರ್ಧಾರವನ್ನು ಹಿರಿಯ ತಜ್ಞರೇ ತೆಗೆದುಕೊಳ್ಳಬೇಕು.

ಇವನ್ನೆಲ್ಲ ಹಾಕಿ ಶೇಕಡಾವಾರು ತೋರಿಸುವ ಕ್ಯಾಲ್ಕುಲೇಟರ್‌ಗಳು ಇಂಟರ್‌ನೆಟ್‌ನಲ್ಲಿವೆ. 2007ರಲ್ಲಿ ಬಂದ ಒಂದು ಅಮೆರಿಕನ್ ಕ್ಯಾಲ್ಕುಲೇಟರ್ ತಾಯಿಯ ಜನಾಂಗವನ್ನೂ ಕೇಳುತ್ತಿತ್ತು, ಕಪ್ಪು ಹೆಂಗಸರಿಗೆ ಕಡಿಮೆ ಅಂಕಿ ತೋರಿಸುತ್ತಿತ್ತು. ಅದು ಅನ್ಯಾಯ ಎಂದು ಹೋರಾಟವಾಗಿ 2021ರಲ್ಲಿ ಆ ಪ್ರಶ್ನೆಯನ್ನು ತೆಗೆದುಹಾಕಿದರು. ಕ್ಯಾಲ್ಕುಲೇಟರ್ ಮಾತಿಗೊಂದು ಶುರುವಾತು ಕೊಡುತ್ತದೆ. 55 ಎಂದು ತೋರಿಸಿತು ಅಂತ ಆಸೆ ಬಿಡಬೇಕಿಲ್ಲ, 80 ತೋರಿಸಿತು ಅಂತ ಬೀಗಬೇಕಿಲ್ಲ.

ಎಲ್ಲಿ ನಿಲ್ಲಿಸಬೇಕು

ಎಲ್ಲಕ್ಕಿಂತ ಜಾಸ್ತಿ ತೊಂದರೆಗಳು ಕಾಣುವುದು ಗಂಟೆಗಟ್ಟಲೆ ನೋವು ತಿಂದು ಕೊನೆಗೆ ತುರ್ತು ಸಿಸೇರಿಯನ್ ಆದವರಲ್ಲಿ. ಸೋಂಕು, ರಕ್ತಸ್ರಾವ ಎಲ್ಲವೂ ಅಲ್ಲಿ ಹೆಚ್ಚು. ತೊಂದರೆ ಅತಿ ಕಡಿಮೆ ಇರುವುದು ಸಲೀಸಾಗಿ ನಾರ್ಮಲ್ ಆದವರಲ್ಲಿ. ದಿನ ಗೊತ್ತುಮಾಡಿ ಮಾಡಿದ ಸಿಸೇರಿಯನ್ ಇವೆರಡರ ನಡುವೆ ಬರುತ್ತದೆ. ಅದಕ್ಕೇ ನೋವು ಬರಿಸುವ ಮುಂಚೆಯೇ ಎಲ್ಲಿ ನಿಲ್ಲಿಸುವುದು ಅಂತ ಮಾತಾಡಿಕೊಳ್ಳಬೇಕು. ಬಲೂನು ಹಾಕಿ ತೆಗೆದ ಮೇಲೂ ಬಾಯಿ ಗಟ್ಟಿಯೇ ಇದ್ದರೆ ಮುಂದೇನು? ಡ್ರಿಪ್ ಹಾಕಿ, ನೋವು ಚೆನ್ನಾಗಿ ಬಂದು, ಆದರೂ ಬಾಯಿ ತೆರೆಯದಿದ್ದರೆ ಎಷ್ಟು ಹೊತ್ತು ನೋಡುತ್ತೀರಿ? ಈ ಪ್ರಶ್ನೆಗಳನ್ನು ಹೆರಿಗೆ ಕೋಣೆಯಲ್ಲಿ, ನೋವಿನ ನಡುವೆ ಕೇಳುವುದಕ್ಕೆ ಆಗುವುದಿಲ್ಲ. ಹಿಂದಿನ ವಾರವೇ ಕೇಳಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ಮೇಲೂ, ಮಧ್ಯದಲ್ಲಿ ‘ಸಾಕು, ಆಪರೇಷನ್ ಮಾಡಿ’ ಎಂದು ಹೇಳುವ ಹಕ್ಕು ತಾಯಿಗೆ ಇದೆ.

ಹಾಗಾದರೆ ಇಷ್ಟೆಲ್ಲ ರಗಳೆ ಯಾಕೆ, ಮತ್ತೆ ಸಿಸೇರಿಯನ್ನೇ ಮಾಡಿಸಿದರಾಯಿತು ಅನ್ನಿಸಬಹುದು. ಇದೇ ಕೊನೆಯ ಮಗು ಎಂದು ನಿಶ್ಚಯಿಸಿದವರಿಗೆ, ಬಾಯಿ ತೀರಾ ಗಟ್ಟಿ ಇರುವವರಿಗೆ, ಅದು ಖಂಡಿತ ಒಳ್ಳೆಯ ನಿರ್ಧಾರವೇ. ಆದರೆ ಮುಂದೆಯೂ ಮಕ್ಕಳು ಬೇಕು ಅನ್ನುವವರು ಇನ್ನೊಂದು ಅಂಕಿ ನೋಡಬೇಕು. ಸಿಸೇರಿಯನ್ ಹೆಚ್ಚಾದ ಹಾಗೆ ಮುಂದಿನ ಬಸಿರಲ್ಲಿ ಮಾಸು ಹಳೆಯ ಹೊಲಿಗೆಯೊಳಕ್ಕೆ ಬೇರು ಬಿಟ್ಟು ಅಂಟಿಕೊಳ್ಳುವ ಸಾಧ್ಯತೆ ಏರುತ್ತದೆ. ಹೆರಿಗೆಯಾದ ಮೇಲೆ ಅಂಥ ಮಾಸು ಬಿಡಿಸಿಕೊಳ್ಳುವುದಿಲ್ಲ, ರಕ್ತ ನಿಲ್ಲುವುದಿಲ್ಲ, ಎಷ್ಟೋ ಸಲ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. 2006ರ ಒಂದು ದೊಡ್ಡ ಅಧ್ಯಯನದಲ್ಲಿ ಎರಡನೇ ಸಿಸೇರಿಯನ್ ಹೊತ್ತಿಗೆ ಇದು ಸಾವಿರಕ್ಕೆ ಸುಮಾರು 3 ಇತ್ತು, ಮೂರನೆಯದಕ್ಕೆ ಸುಮಾರು 6, ನಾಲ್ಕನೆಯದಕ್ಕೆ 21. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರಂತೂ ಮೂರನೇ ಸಿಸೇರಿಯನ್ ಹೊತ್ತಿಗೆ ನೂರಕ್ಕೆ 40.

ಮತ್ತೆ ಸಿಸೇರಿಯನ್ನೇ ಎಂದು ತೀರ್ಮಾನಿಸಿದರೆ, ಬೇರೆ ತೊಂದರೆ ಇಲ್ಲದಿದ್ದಾಗ 39 ವಾರದ ಹೊತ್ತಿಗೆ ದಿನ ಗೊತ್ತುಮಾಡುತ್ತಾರೆ. ಆ ದಿನಕ್ಕೆ ಮುಂಚೆಯೇ ತಾನಾಗಿ ನೋವು ಬಂದುಬಿಟ್ಟರೆ ಏನು ಮಾಡುವುದು ಎಂದೂ ಕೇಳಿಟ್ಟುಕೊಳ್ಳಿ. ಕೆಲವರಿಗೆ ಆಗಲೂ ಆಪರೇಷನ್ನೇ ಬೇಕಿರುತ್ತದೆ. ಕೆಲವರು ಬಾಯಿ ಚೆನ್ನಾಗಿ ತೆರೆದಿದ್ದರೆ ನಾರ್ಮಲ್‌ಗೆ ಬಿಡೋಣ ಎನ್ನುತ್ತಾರೆ. ಯಾವುದೇ ಆಗಲಿ, ಅದನ್ನು ಡಾಕ್ಟರ ಹತ್ತಿರ ಫೈಲಿನಲ್ಲಿ ಬರೆಸಿ. ರಾತ್ರಿ ಡ್ಯೂಟಿಯಲ್ಲಿ ಇರುವವರು ನಿಮಗೆ ಗೊತ್ತಿರುವ ಡಾಕ್ಟರೇ ಆಗಿರಬೇಕು ಅಂತೇನಿಲ್ಲ.